ಮನಸ್ಸಿಗೆ ಮಾಪು ಹಿಡಿದ ಮಾಸ್ತರರು : ಪ್ರೊ. ಎಂ. ವಿ. ಗೋಪಾಲಸ್ವಾಮಿ



ಬಿ.ಕಾಂ. ಓದುವವನಿಗೂ ಮನಶ್ಶಾಸ್ತ್ರಕ್ಕೂ ಎಲ್ಲಿಯ ನಂಟು ಅಂತ ನೀವು ಕೇಳಬಹುದು. ನಂಟು ಇದೆ. ನಮ್ಮ ಸಂಖ್ಯಾಶಾಸ್ತ್ರದ ಪುಸ್ತಕದಲ್ಲಿ ಸ್ಪಿಯರ್‌ಮನ್ನನ ಶ್ರೇಯಾಂಕ ಸಹಸಂಬಂಧ ಎಂಬ ಒಂದು ಸೂತ್ರ ಬರುತ್ತದೆ. ಇಬ್ಬರು ಪರೀಕ್ಷಕರು ಹತ್ತು ಜನ ಸ್ಪರ್ಧಿಗಳಿಗೆ ಕೊಟ್ಟ ಸ್ಥಾನಗಳನ್ನು ಎರಡು ಸಾಲಾಗಿ ಬರೆದುಕೊಂಡು, ವ್ಯತ್ಯಾಸ ತೆಗೆದು, ಅದರ ವರ್ಗ ಮಾಡಿ, ಕೂಡಿಸಿ, ಆರರಿಂದ ಗುಣಿಸಿ ಮಾಡುವ ಲೆಕ್ಕ ಅದು. ಪರೀಕ್ಷೆಯಲ್ಲಿ ಖಾತ್ರಿಯಾಗಿ ಮಾರ್ಕು ಕೊಡುವ ಲೆಕ್ಕ ಅಂತ ನಾವೆಲ್ಲ ಅದನ್ನ ಪ್ರೀತಿಯಿಂದ ಬಾಯಿಪಾಠ ಮಾಡುತ್ತೇವೆ. ಆದರೆ ಆ ಸ್ಪಿಯರ್‌ಮನ್ ವ್ಯಾಪಾರದವನೂ ಅಲ್ಲ, ಅರ್ಥಶಾಸ್ತ್ರದವನೂ ಅಲ್ಲ. ಅವನು ಮನಶ್ಶಾಸ್ತ್ರಜ್ಞ. ಶಾಲೆಯ ಮಕ್ಕಳ ಬುದ್ಧಿಯನ್ನು ತೂಗುವುದಕ್ಕೆ ಆತನಿಗೆ ತಕ್ಕಡಿ ಬೇಕಾಗಿತ್ತು. ಆ ತಕ್ಕಡಿಯೇ ಇಂದು ನಮ್ಮ ವ್ಯಾಪಾರಶಾಸ್ತ್ರದ ಪುಸ್ತಕದೊಳಗೆ ಬಂದು ಕುಳಿತಿದೆ.

ಆ ಸ್ಪಿಯರ್‌ಮನ್ನನ ಕೈಕೆಳಗೆ ಲಂಡನ್ನಿನಲ್ಲಿ ಕಲಿತು ಬಂದು, 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು ಪ್ರೊ. ಎಂ. ವಿ. ಗೋಪಾಲಸ್ವಾಮಿ. ಹುಟ್ಟಿದ್ದು 1896, ತೀರಿಕೊಂಡದ್ದು 1957. ಇವರ ಹೆಸರು ನಿಮಗೆ ಗೊತ್ತಿರಲೇಬೇಕು. ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ ಆಕಾಶವಾಣಿ ಎಂಬ ಹೆಸರಿನ ಬಾನುಲಿ ಕೇಂದ್ರ ಮೊದಲು ಶುರು ಮಾಡಿದವರು ಯಾರು ಎಂಬ ಪ್ರಶ್ನೆಗೆ ಉತ್ತರ ಇವರೇ. ಅಷ್ಟಕ್ಕೇ ಇವರನ್ನು ಮುಗಿಸಿಬಿಟ್ಟಿದ್ದೇವೆ. ಇವರ ನಿಜವಾದ ಕಸಬು ಮನಶ್ಶಾಸ್ತ್ರ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಆ ಕಸಬಿನ ಕಡೆಯಿಂದಲೇ ಇವರ ಜೀವನವನ್ನು ನನ್ನ ಅಲ್ಪಮತಿಗೆ ತಿಳಿದಂತೆ ಹೇಳಬೇಕೆಂದು ಈ ಬರಹ.

ಅದಕ್ಕೆ ಮೊದಲು ಒಂದು ಮಾತು. ಲೆಕ್ಕಪತ್ರ ಓದುವವರಿಗೆ ಮೊದಲ ವರ್ಷದಲ್ಲೇ ಕೆಲವು ಮೂಲ ಕಲ್ಪನೆಗಳನ್ನು ಹೇಳಿಕೊಡುತ್ತಾರೆ. ವ್ಯಾಪಾರ ನಾಳೆಯೂ ನಡೆಯುತ್ತದೆ ಎಂದು ಹಿಡಿದುಕೊಳ್ಳಬೇಕು. ಹಣದಲ್ಲಿ ಅಳೆಯಲು ಬರುವುದನ್ನು ಮಾತ್ರ ವಹಿಯಲ್ಲಿ ಬರೆಯಬೇಕು. ಇವನ್ನು ಯಾರೂ ಸಿದ್ಧ ಮಾಡಿ ತೋರಿಸುವುದಿಲ್ಲ, ಗೃಹೀತ ಹಿಡಿದು ಮುಂದೆ ಹೋಗುತ್ತಾರೆ. ಅಂಗಡಿಯ ಕಾರಕೂನ ಎಷ್ಟು ನಿಯತ್ತಿನವನಾದರೂ ಅವನ ನಿಯತ್ತು ಆಸ್ತಿಯ ಕಡೆ ಬರುವುದಿಲ್ಲ, ಯಾಕಂದರ ಅದಕ್ಕೆ ರೂಪಾಯಿ ಲೆಕ್ಕ ಇಲ್ಲ. ಮನಶ್ಶಾಸ್ತ್ರದ ಒಂದೊಂದು ಪಂಥವೂ ಹೀಗೆಯೇ ಒಂದೊಂದು ಗೃಹೀತದ ಮೇಲೆ ನಿಂತಿದೆ. ಮನುಷ್ಯ ಎಂದರೆ ಏನು ಎಂಬುದನ್ನು ಮೊದಲೇ ಹಿಡಿದುಕೊಂಡು ಆಮೇಲೆ ಅವನನ್ನು ಪರೀಕ್ಷೆ ಮಾಡುತ್ತಾರೆ. ಯಾವ ಗೃಹೀತ ಹಿಡಿದಿರಿ ಎಂಬುದರ ಮೇಲೆ ಎದುರಿಗೆ ಕುಳಿತ ಹುಡುಗನ ಹಣೆಬರಹ ನಿಂತಿರುತ್ತದೆ. ಗೋಪಾಲಸ್ವಾಮಿಯವರ ಬದುಕಿನಲ್ಲಿ ಈ ಗೃಹೀತಗಳು ಒಂದರ ಹಿಂದೆ ಒಂದು ಬಂದು ಹೋಗುವುದನ್ನು ಕಾಣಬಹುದು.

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಆಗ ಮನಶ್ಶಾಸ್ತ್ರವೆಂಬುದು ತತ್ತ್ವಶಾಸ್ತ್ರದ ಮನೆಯ ಒಂದು ಕೋಣೆ. ಆತ್ಮ ಯಾವುದು, ಮನಸ್ಸು ಯಾವುದು, ಬುದ್ಧಿ ಯಾವುದು ಎಂಬುದನ್ನು ಗ್ರಂಥ ಹಿಡಿದು ಚರ್ಚಿಸುತ್ತಿದ್ದರು. ಡಾ. ರಾಧಾಕೃಷ್ಣನ್ನರು 1918ರಿಂದ 1921ರವರೆಗೆ ಮೈಸೂರಿನಲ್ಲೇ ತತ್ತ್ವಶಾಸ್ತ್ರ ಕಲಿಸುತ್ತಿದ್ದರು. 1921ರಲ್ಲಿ ಅವರು ಕಲ್ಕತ್ತೆಗೆ ಹೋದರು, ಅದೇ ವರ್ಷ ಕಲ್ಕತ್ತೆಯಿಂದ ಬ್ರಜೇಂದ್ರನಾಥ ಶೀಲರು ಮೈಸೂರಿಗೆ ಉಪಕುಲಪತಿಗಳಾಗಿ ಬಂದರು. ಒಂದು ರೀತಿಯಲ್ಲಿ ಅದಲು ಬದಲು ಆದಂತೆ. ಶೀಲರು ಸಾಮಾನ್ಯರಲ್ಲ. ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕೆ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮ ತಯಾರಿಸಿ ಕೊಟ್ಟವರು ಅವರೇ. ಅದರ ಮೇಲೆ 1916ರಲ್ಲಿ ಕಲ್ಕತ್ತೆಯಲ್ಲಿ ದೇಶದ ಮೊದಲ ಮನಶ್ಶಾಸ್ತ್ರ ವಿಭಾಗ ಎದ್ದು ನಿಂತಿತ್ತು. ಅಂಥವರು ಮೈಸೂರಿನ ಗಾದಿಯ ಮೇಲೆ ಕುಳಿತಿರುವಾಗ, ಲಂಡನ್ನಿನಿಂದ ತಾಜಾ ವಿದ್ಯೆ ಹೊತ್ತು ಬಂದ ಇಪ್ಪತ್ತೆಂಟರ ತರುಣನಿಗೆ ವಿಭಾಗ ತೆರೆಯಲು ದಾರಿ ಸಿಕ್ಕಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನು ಆ ಲಂಡನ್ನಿನ ವಿದ್ಯೆ ಎಂಥದು? ಗುರುವಿನ ಕಥೆಯೇ ಸ್ವಾರಸ್ಯವಾಗಿದೆ. ಚಾರ್ಲ್ಸ್ ಸ್ಪಿಯರ್‌ಮನ್ ಮೊದಲು ಬ್ರಿಟಿಷ್ ಸೈನ್ಯದ ಅಧಿಕಾರಿ, ಬರ್ಮಾದಲ್ಲೂ ಇದ್ದವನು. ಮೂವತ್ತು ದಾಟಿದ ಮೇಲೆ ಸೈನ್ಯ ಬಿಟ್ಟು ಜರ್ಮನಿಯ ಲೈಪ್‌ಜಿಗ್‌ಗೆ ವುಂಟ್ ಎಂಬ ಗುರುವಿನ ಹತ್ತಿರ ಹೋಗಿ ವಿದ್ಯಾರ್ಥಿಯಾದ. ಈ ವುಂಟ್ 1879ರಲ್ಲಿ ಜಗತ್ತಿನ ಮೊದಲ ಮನಶ್ಶಾಸ್ತ್ರ ಪ್ರಯೋಗಶಾಲೆ ತೆರೆದವನು. ಮನಸ್ಸನ್ನು ಅದರ ಚಿಕ್ಕ ಚಿಕ್ಕ ಘಟಕಗಳಾಗಿ ಬಿಡಿಸಿ ನೋಡಬಹುದು, ಪಳಗಿದ ಮನುಷ್ಯ ತನ್ನ ಒಳಗೆ ತಾನೇ ಇಣುಕಿ ಅದನ್ನು ವರದಿ ಮಾಡಬಹುದು ಎಂಬುದು ಆ ಮನೆಯ ಗೃಹೀತ. ಕಲ್ಕತ್ತೆಯ ವಿಭಾಗದ ಮೊದಲ ಮುಖ್ಯಸ್ಥ ನರೇಂದ್ರನಾಥ ಸೇನಗುಪ್ತರು ಹಾರ್ವರ್ಡಿನಲ್ಲಿ ಕಲಿತದ್ದು ವುಂಟನ ಶಿಷ್ಯನಾದ ಮ್ಯೂನ್‌ಸ್ಟರ್‌ಬರ್ಗ್ ಹತ್ತಿರ. ಹಾಗಾಗಿ ಕಲ್ಕತ್ತೆ, ಮೈಸೂರು ಎರಡೂ ಲೈಪ್‌ಜಿಗ್ಗಿನ ಮೊಮ್ಮಕ್ಕಳೇ.

ಸ್ಪಿಯರ್‌ಮನ್ ಮಾತ್ರ ಒಳಗೆ ಇಣುಕುವ ದಾರಿ ಬಿಟ್ಟು ಮಾರ್ಕಿನ ಪಟ್ಟಿಯ ದಾರಿ ಹಿಡಿದ. 1904ರ ಅವನ ಪ್ರಬಂಧದ ಸಾರ ಇಷ್ಟು. ಶಾಲೆಯ ಮಕ್ಕಳನ್ನು ಬೇರೆ ಬೇರೆ ವಿಷಯಗಳಲ್ಲಿ ಪರೀಕ್ಷಿಸಿ ಅಂಕಗಳನ್ನು ಜೋಡಿಸಿ ನೋಡಿದರೆ, ಒಂದರಲ್ಲಿ ಮೇಲಿರುವವನು ಸಾಮಾನ್ಯವಾಗಿ ಇನ್ನೊಂದರಲ್ಲೂ ಮೇಲೆಯೇ ಇರುತ್ತಾನೆ. ಭಾಷೆ, ಗಣಿತ, ಸ್ವರದ ಏರಿಳಿತ ಗುರುತಿಸುವುದು, ಎಲ್ಲವೂ ಒಂದಕ್ಕೊಂದು ತುಸು ಕೈಹಿಡಿದು ನಡೆಯುತ್ತವೆ. ಯಾಕೆ? ಎಲ್ಲದರ ಹಿಂದೆ ಒಂದು ಸಾಮಾನ್ಯ ಬುದ್ಧಿ ಇದೆ, ಅದರ ಜೊತೆಗೆ ಆಯಾ ಕೆಲಸಕ್ಕೆ ಬೇಕಾದ ವಿಶೇಷ ಬುದ್ಧಿಯೂ ಇದೆ ಎಂದು ಅವನ ಉತ್ತರ. ಇದಕ್ಕೆ ಎರಡು ಅಂಶಗಳ ಸಿದ್ಧಾಂತ ಎನ್ನುತ್ತಾರೆ. ಅಂಕಗಳು ಕೈಹಿಡಿದು ನಡೆಯುತ್ತವೆ ಎಂಬುದು ಲೆಕ್ಕದಿಂದ ಕಂಡ ಮಾತು, ಅದು ಸುಳ್ಳಲ್ಲ. ಆದರೆ ಅವುಗಳ ಹಿಂದೆ ಒಂದೇ ಶಕ್ತಿ ಕುಳಿತಿದೆ, ಅದು ಬಹುಮಟ್ಟಿಗೆ ಹುಟ್ಟಿನಿಂದಲೇ ಬಂದದ್ದು ಎಂಬುದು ಲೆಕ್ಕ ಅಲ್ಲ, ಗೃಹೀತ. ಎರಡರ ನಡುವೆ ಇರುವ ಕಂದಕವನ್ನು ಬಹಳ ಜನ ನೋಡದೆಯೇ ದಾಟಿಬಿಟ್ಟರು.

ಗೋಪಾಲಸ್ವಾಮಿಯವರು ಅಲ್ಲಿ ಕೈಯ ಕೆಲಸ ಕಲಿಯುವುದರಲ್ಲಿ ಬುದ್ಧಿಯ ಪಾಲೆಷ್ಟು ಎಂಬುದನ್ನು ತಮ್ಮ ಸಂಶೋಧನೆಯ ವಿಷಯ ಮಾಡಿಕೊಂಡರು. 1924ರಲ್ಲಿ ಬ್ರಿಟಿಷ್ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಈ ಬಗ್ಗೆ ಅವರ ಪ್ರಬಂಧಗಳು ಅಚ್ಚಾದವು. ನಮಗೆ ಇದು ಸಣ್ಣದಾಗಿ ಕಾಣಬಹುದು. ಆದರೆ ನಮ್ಮ ನಾಡಿನಲ್ಲಿ ಬುದ್ಧಿ ಅಂದರೆ ತಲೆಯ ಕೆಲಸ, ಕೈಕೆಲಸಕ್ಕೆ ಬುದ್ಧಿ ಬೇಡ ಅಂತ ಸಾವಿರ ವರ್ಷದಿಂದ ನಂಬಿಕೊಂಡು ಬಂದಿಲ್ಲವೇ? ಬಡಿಗ, ಕಮ್ಮಾರ, ನೇಕಾರನ ಕೈಯೊಳಗೆ ಎಷ್ಟು ಬುದ್ಧಿ ಅದ ಅಂತ ಅಳೆಯಲು ಹೊರಟದ್ದೇ ಒಂದು ದೊಡ್ಡ ಪ್ರಶ್ನೆ ಅನ್ನಿಸುತ್ತದೆ ನನಗೆ. ಇಂಥ ಕಲಿಕೆಯನ್ನು ನೋಡುವುದಕ್ಕೆ ಪ್ರಯೋಗಶಾಲೆಗಳಲ್ಲಿ ಒಂದು ಹಳೆಯ ಆಟ ಉಂಟು. ಕಾಗದದ ಮೇಲೆ ನಕ್ಷತ್ರದ ಆಕಾರ ಬರೆದಿರುತ್ತಾರೆ, ನಿಮ್ಮ ಕೈ ನಿಮಗೆ ಕಾಣದಂತೆ ಅಡ್ಡ ಹಲಗೆ ಇಟ್ಟು, ಕನ್ನಡಿಯಲ್ಲಿ ನೋಡುತ್ತ ಆ ಗೆರೆಯ ಮೇಲೆ ಪೆನ್ಸಿಲ್ ಎಳೆಯಬೇಕು. ಮೊದಲ ಸಲ ಎಂಥ ಜಾಣನ ಕೈಯೂ ಎತ್ತೆತ್ತಲೋ ಓಡುತ್ತದೆ. ಹತ್ತು ಸಲ ಮಾಡಿದ ಮೇಲೆ ಸರಿಯಾಗುತ್ತದೆ. ಎಷ್ಟು ಸೆಕೆಂಡು, ಎಷ್ಟು ತಪ್ಪು ಅಂತ ಬರೆದುಕೊಳ್ಳುತ್ತಾರೆ. ನಮ್ಮ ಓಣಿಯ ಕ್ಷೌರಿಕರ ಅಂಗಡಿಯಲ್ಲಿ ಕನ್ನಡಿ ನೋಡಿಕೊಂಡು ನನ್ನ ಮೀಸೆ ನಾನೇ ಕತ್ತರಿಸಲು ಹೋದಾಗ ಈ ಪ್ರಯೋಗದ ಅನುಭವ ನನಗೆ ಪುಕ್ಕಟೆಯಾಗಿ ಆಯಿತು.

1924ರಲ್ಲಿ ಗೋಪಾಲಸ್ವಾಮಿಯವರು ಮೈಸೂರಿಗೆ ತಂದದ್ದು ಈ ದೃಷ್ಟಿ. ಮನಸ್ಸಿನ ವಿಷಯವನ್ನು ಗ್ರಂಥದಿಂದ ಅಲ್ಲ, ಎದುರಿಗಿರುವ ಮನುಷ್ಯನಿಂದ ತಿಳಿಯಬೇಕು. ಗಡಿಯಾರ ಬೇಕು, ಉಪಕರಣ ಬೇಕು, ಲೆಕ್ಕ ಬೇಕು. ಕಲ್ಕತ್ತೆಯ ನಂತರ ದೇಶದಲ್ಲಿ ಈ ರೀತಿ ಎದ್ದ ಎರಡನೆಯ ವಿಭಾಗ ಇದು ಎಂದು ಇತಿಹಾಸಕಾರರು ಲೆಕ್ಕ ಇಡುತ್ತಾರೆ. ಪಾಶ್ಚಾತ್ಯರ ಮಾನಸಿಕ ಪರೀಕ್ಷೆಗಳನ್ನು ನಮ್ಮ ಜನಕ್ಕೆ ಹೊಂದುವ ಹಾಗೆ ಮಾರ್ಪಡಿಸಿಕೊಳ್ಳುವ ಕೆಲಸವನ್ನೂ ಅವರು ಕೈಗೆತ್ತಿಕೊಂಡರು. ಮುಂದೆ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರೂ ಆದರು.

ಆ ಕಾಲದಲ್ಲಿ ಹೊರಗೆ ಏನು ನಡೆದಿತ್ತು ಅಂತ ನೋಡಬೇಕು. ಮನಶ್ಶಾಸ್ತ್ರ ಅಂದರೆ ಆಗ ಒಂದು ಜಗಳದ ಮನೆ. ಇದನ್ನ ಬರೇ ಹೆಸರು ಹೇಳಿ ಬಿಟ್ಟರೆ ತಲೆಗೆ ಹತ್ತುವುದಿಲ್ಲ, ಅದಕ್ಕೆ ನಮ್ಮೊಳಗಿನ ಒಬ್ಬ ಹುಡುಗನನ್ನೇ ತೊಗೊಳ್ಳೋಣ. ಇಂಡಿಯ ಕಡೆಯ ಹಳ್ಳಿಯಲ್ಲಿ ಹತ್ತನೆಯತನಕ ಕನ್ನಡದಲ್ಲಿ ಓದಿ, ಅಪ್ಪನ ಕೆಲಸದ ಸಲುವಾಗಿ ಹಡಪಸರಕ್ಕೆ ಬಂದು, ಇಲ್ಲಿ ಇಂಗ್ಲಿಷಿನಲ್ಲಿ ಪಾಠ, ಸುತ್ತಲೂ ಮರಾಠಿ. ಊರಿನ ಶಾಲೆಯಲ್ಲಿ ಭಾಷಣದ ಬಹುಮಾನ ಹೊಡೆದವನು ಇಲ್ಲಿ ಒಂದು ವರ್ಷ ಬಾಯಿ ಬಿಡಲಿಲ್ಲ. ಇಂಥವರು ನಮ್ಮ ಮಂಡಳಿಯಲ್ಲಿ ಕನಿಷ್ಠ ಐದಾರು ಮಂದಿ ಇದ್ದೇವೆ, ನನ್ನನ್ನೂ ಹಿಡಿದು. ಈ ಮೌನಕ್ಕೆ ಕಾರಣ ಏನು?

ವಿಯೆನ್ನಾದ ಫ್ರಾಯ್ಡ್ ಮಹಾಶಯನ ಪಂಥದವರು ಹುಡುಗನ ಬಾಲ್ಯಕ್ಕೆ ಹೋಗುತ್ತಾರೆ. ಮನಸ್ಸಿನ ಬಹುಭಾಗ ನಮ್ಮ ಅರಿವಿಗೇ ಬಾರದೆ ಕೆಳಗೆ ಮುಳುಗಿದೆ, ಅಲ್ಲಿ ಅದುಮಿಟ್ಟ ಭಯ, ಆಸೆಗಳೇ ಮೇಲಿನ ನಡತೆಯನ್ನು ಆಡಿಸುತ್ತವೆ ಎಂಬುದು ಇವರ ಗೃಹೀತ. ಅಪ್ಪನ ಗದರಿಕೆಗೆ ಹೆದರಿದ ಕೂಸು ಇಂದು ಪ್ರಾಧ್ಯಾಪಕರ ಎದುರು ಹೆದರುತ್ತಿದೆ ಎಂದಾರು. ನಮ್ಮ ದೇಶದಲ್ಲಿ ಈ ಮತಕ್ಕೆ ದೊಡ್ಡ ಆಚಾರ್ಯರು ಕಲ್ಕತ್ತೆಯ ಗಿರೀಂದ್ರಶೇಖರ ಬೋಸರು. 1922ರಲ್ಲಿ ಅವರು ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದರು, ಫ್ರಾಯ್ಡನೊಡನೆ ಪತ್ರವ್ಯವಹಾರ ಇಟ್ಟುಕೊಂಡು ಅವನ ಮಾತನ್ನೇ ಪ್ರಶ್ನೆ ಮಾಡುವಷ್ಟು ಧೈರ್ಯ ತೋರಿಸಿದರು.

ಅಮೆರಿಕದ ವಾಟ್ಸನ್ 1913ರಲ್ಲಿ ಇದೆಲ್ಲ ಬೇಡ ಎಂದು ಸಾರಿದ. ಒಳಗಿನದು ಯಾರಿಗೂ ಕಾಣುವುದಿಲ್ಲ, ಕಾಣದ್ದು ಶಾಸ್ತ್ರ ಅಲ್ಲ. ಹೊರಗೆ ಕಾಣುವ ವರ್ತನೆ ಮಾತ್ರ ನೋಡಿ, ಯಾವ ಪ್ರಚೋದನೆಗೆ ಯಾವ ಪ್ರತಿಕ್ರಿಯೆ ಬಂತು ಬರೆದುಕೊಳ್ಳಿ, ವರ್ತನೆಯೆಲ್ಲ ಪರಿಸರದಿಂದ ಕಲಿತದ್ದು. ನಮ್ಮ ಹಣ ಮಾಪನದ ನಿಯಮವೇ ಇದು, ಅಳೆಯಲು ಬರದ್ದಕ್ಕೆ ವಹಿಯಲ್ಲಿ ಜಾಗ ಇಲ್ಲ! ಅವನ ಪ್ರಕಾರ ನಮ್ಮ ಹುಡುಗ ಮೊದಲ ಸಲ ಬಾಯಿ ತೆರೆದಾಗ ತರಗತಿ ನಕ್ಕಿತು, ಅದಕ್ಕೇ ಬಾಯಿ ಮುಚ್ಚಿತು. ನಗುವ ಬದಲು ಶಾಬಾಸ್ ಅಂದರೆ ತೆರೆಯುತ್ತದೆ. ಬಹಳ ಸರಳ, ಬಹಳ ಉಪಯೋಗಿ, ಆದರೂ ಏನೋ ಕೈಬಿಟ್ಟು ಹೋದಂತೆ ಅನಿಸುತ್ತದೆ. ಅಂದ ಹಾಗೆ ಈ ವಾಟ್ಸನ್ 1920ರಲ್ಲಿ ವಿಶ್ವವಿದ್ಯಾನಿಲಯ ಬಿಟ್ಟ ಮೇಲೆ ಜಾಹೀರಾತು ಕಂಪನಿ ಸೇರಿದ. ವಾಣಿಜ್ಯದವರು ಅವನನ್ನ ನಮ್ಮವನೇ ಅನ್ನಬಹುದು.

ಗೆಸ್ಟಾಲ್ಟ್ ಎಂಬ ಜರ್ಮನ್ ಪಂಥದವರು ಬಿಡಿ ಬಿಡಿಯಾಗಿ ಕತ್ತರಿಸಿದರೆ ಏನೂ ತಿಳಿಯುವುದಿಲ್ಲ, ಇಡಿಯಾಗಿ ನೋಡಿ ಎಂದರು. ರಾಗವೆಂದರೆ ಏಳು ಸ್ವರಗಳ ಮೊತ್ತ ಅಲ್ಲವಲ್ಲ. ಹುಡುಗ, ಭಾಷೆ, ಊರು, ಬಾಡಿಗೆ ಖೋಲಿ ಎಲ್ಲ ಸೇರಿ ಒಂದು ಆಕಾರ.

ಇನ್ನು ಬುದ್ಧಿ ಅಳೆಯುವವರು. ಇವರು ಹುಡುಗನಿಗೆ ಒಂದು ಪರೀಕ್ಷೆ ಕೊಟ್ಟು ಒಂದು ಅಂಕಿ ಹೇಳುತ್ತಾರೆ. ಆ ಅಂಕಿ ಕಡಿಮೆ ಬಂತೋ, ಮೌನಕ್ಕೆ ಕಾರಣ ಸಿಕ್ಕಿತು, ಬುದ್ಧಿಯೇ ಕಡಿಮೆ! ಇಲ್ಲೇ ನೋಡ್ರಿ ಅಪಾಯ ಇರೋದು. ಫ್ರಾಯ್ಡನ ತಪ್ಪಿನಿಂದ ಹುಡುಗನಿಗೆ ನಷ್ಟ ಆದರೂ ನಾಲ್ಕು ಜನಕ್ಕೆ ಗೊತ್ತಾಗುವುದಿಲ್ಲ, ಅಂಕಿ ಮಾತ್ರ ಕಾಗದದ ಮೇಲೆ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಕೊಟ್ಟ ಪರೀಕ್ಷೆಯಲ್ಲಿ ಕನ್ನಡದ ಹುಡುಗನಿಗೆ ಬಂದ ಅಂಕಿ ಅವನ ಬುದ್ಧಿಯದೋ, ಇಂಗ್ಲಿಷಿನದೋ? ನಾನು ಓದಿದ ಶಾಲೆಯೊಂದರಲ್ಲಿ ಮಾಸ್ತರರೊಬ್ಬರು ವರ್ಷದ ಮೊದಲ ವಾರದಲ್ಲೇ ಮಕ್ಕಳನ್ನು ಲೆಕ್ಕ ಬರುವ ತಲೆ, ಬಾರದ ತಲೆ ಅಂತ ಎರಡು ಸಾಲು ಮಾಡಿ ಕೂಡಿಸುತ್ತಿದ್ದರು. ಅವರು ಸ್ಪಿಯರ್‌ಮನ್ನನ ಹೆಸರು ಕೇಳಿರಲಿಕ್ಕಿಲ್ಲ, ಗೃಹೀತ ಮಾತ್ರ ಅದೇ. ಎರಡನೆಯ ಸಾಲಿನ ಹುಡುಗರು ಆ ವರ್ಷ ಮುಗಿಯುವುದರೊಳಗೆ ಮಾಸ್ತರರ ಮಾತನ್ನು ನಿಜ ಮಾಡಿ ತೋರಿಸುತ್ತಿದ್ದರು.

ಈ ಪ್ರಶ್ನೆಯನ್ನು ಗಂಭೀರವಾಗಿ ಹಿಡಿದವರೊಬ್ಬರು ನಮ್ಮ ಧಾರವಾಡದಲ್ಲಿದ್ದರು, ಅವರ ಹೆಸರು ಹೇಳದೆ ಮುಂದೆ ಹೋಗಲಾರೆ. ಡಾ. ವಿ. ವಿ. ಕಾಮತರು. ಧಾರವಾಡ ಆಗ ಮುಂಬಯಿ ಇಲಾಖೆಗೆ ಸೇರಿತ್ತು. 1930ರ ದಶಕದಲ್ಲಿ ಕಾಮತರು ಫ್ರಾನ್ಸಿನ ಬಿನೆ ಎಂಬವನ ಬುದ್ಧಿಪರೀಕ್ಷೆಯನ್ನು ಕನ್ನಡದಲ್ಲೂ ಮರಾಠಿಯಲ್ಲೂ ಸಿದ್ಧಪಡಿಸಿ, ಸಾವಿರದಷ್ಟು ಮಕ್ಕಳ ಮೇಲೆ ಪರೀಕ್ಷೆ ಮಾಡಿ, ನಮ್ಮ ಮಕ್ಕಳಿಗೆ ಹೊಂದದ ಪ್ರಶ್ನೆ ಬದಲಿಸಿದರು. ಭಾರತೀಯ ಮಕ್ಕಳ ಬುದ್ಧಿಯ ಮಾಪನ ಕುರಿತ ಅವರ ಇಂಗ್ಲಿಷ್ ಪುಸ್ತಕ 1940ರಲ್ಲಿ ಹೊರಬಂತು. ಬಿನೆ-ಕಾಮತ್ ಪರೀಕ್ಷೆ ಅಂತ ಇಂದಿಗೂ ದವಾಖಾನೆಗಳಲ್ಲಿ ಅದು ಬಳಕೆಯಲ್ಲಿದೆ. ಬಿನೆಯ ಉದ್ದೇಶವನ್ನೂ ಇಲ್ಲಿ ಹೇಳಬೇಕು. 1905ರಲ್ಲಿ ಪ್ಯಾರಿಸ್ಸಿನ ಶಾಲೆಗಳಲ್ಲಿ ಹಿಂದುಳಿದ ಮಕ್ಕಳಿಗೆ ಹೆಚ್ಚಿನ ಸಹಾಯ ಕೊಡಲಿಕ್ಕೆ, ಯಾರಿಗೆ ಬೇಕು ಅಂತ ಗುರುತಿಸಲಿಕ್ಕೆ ಅವನು ಪರೀಕ್ಷೆ ಮಾಡಿದ್ದು. ಬುದ್ಧಿಯನ್ನು ಬೆಳೆಸಬಹುದು ಎಂಬುದು ಅವನ ನಂಬಿಕೆ. ಅದೇ ಪರೀಕ್ಷೆ ಸಮುದ್ರ ದಾಟಿದ ಮೇಲೆ ಮಕ್ಕಳನ್ನು ಬೇರೆ ಬೇರೆ ಸಾಲಿನಲ್ಲಿ ಕೂಡಿಸುವ ಸಾಧನ ಆಯಿತು. ಪರೀಕ್ಷೆ ಒಂದೇ, ಗೃಹೀತ ಬದಲಾಯಿತು ಅಷ್ಟೇ.

ಇದು ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದಕ್ಕೆ ಲಂಡನ್ನಿನದೇ ಸಾಕ್ಷಿ ಇದೆ. ಸ್ಪಿಯರ್‌ಮನ್ ನಿವೃತ್ತನಾದ ಮೇಲೆ ಅವನ ಪೀಠಕ್ಕೆ ಬಂದವನು ಸಿರಿಲ್ ಬರ್ಟ್. ಬುದ್ಧಿ ಹುಟ್ಟಿನಿಂದಲೇ ಬರುವುದು ಎಂದು ಜೀವನವಿಡೀ ವಾದಿಸಿದವನು. ಇಂಗ್ಲೆಂಡಿನಲ್ಲಿ ಹನ್ನೊಂದು ವರ್ಷದ ಕೂಸುಗಳಿಗೆ ಪರೀಕ್ಷೆ ಇಟ್ಟು ಯಾರು ಒಳ್ಳೆಯ ಶಾಲೆಗೆ, ಯಾರು ಸಾಧಾರಣ ಶಾಲೆಗೆ ಅಂತ ವಿಂಗಡಿಸುವ ಪದ್ಧತಿಗೆ ಇಂಥ ವಿಚಾರಗಳೇ ಬೆನ್ನೆಲುಬು. ಬರ್ಟ್ 1971ರಲ್ಲಿ ಸತ್ತ ಮೇಲೆ ಅವನ ಅವಳಿ ಮಕ್ಕಳ ಅಂಕಿಗಳನ್ನು ತಿರುಗಿ ನೋಡಿದರೆ, ಜೋಡಿಗಳ ಸಂಖ್ಯೆ ಬದಲಾದರೂ ಸಹಸಂಬಂಧ ಮಾತ್ರ ಮೂರನೆಯ ದಶಮಾಂಶದವರೆಗೆ ಹಾಗೇ ಉಳಿದಿತ್ತು. ನಮ್ಮಲ್ಲಿ ಅಂಗಡಿಯ ಲೆಕ್ಕದಲ್ಲಿ ಹೀಗಾದರೆ ಆಡಿಟರು ಸುಮ್ಮನೆ ಬಿಡುತ್ತಾರೇನ್ರಿ? 1979ರಲ್ಲಿ ಅವನ ಜೀವನಚರಿತ್ರೆ ಬರೆದ ಹರ್ನ್‌ಶಾ ಅಂಕಿಗಳಲ್ಲಿ ಮೋಸವಿದೆ ಎಂದೇ ತೀರ್ಮಾನಿಸಿದರು. ಬರ್ಟನ ಪರವಾಗಿ ವಾದಿಸಿದವರೂ ಆಮೇಲೆ ಬಂದರು. ಆದರೆ ಹನ್ನೊಂದನೆಯ ವಯಸ್ಸಿಗೆ ಬದಿಗೆ ಸರಿಸಲ್ಪಟ್ಟ ಕೂಸುಗಳಿಗೆ ಆ ವಾದದಿಂದ ಏನು ಬಂತು?

ಅದೇ ಪಾಠಶಾಲೆಯಿಂದ ಹೊರಟ ಗೋಪಾಲಸ್ವಾಮಿ ಮಾತ್ರ ಬೇರೆ ದಾರಿ ಹಿಡಿದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಇಲ್ಲಿಂದ. ಮಾಪು ಹಿಡಿದು ಮನೆಗೆ ಬಂದ ಮನುಷ್ಯ, ಹನ್ನೊಂದು ವರ್ಷದಲ್ಲಿ ಮನೆಯೊಳಗೆ ರೇಡಿಯೊ ಕೇಂದ್ರ ಕಟ್ಟಿ ಕುಳಿತರು!

ನಮ್ಮ ಹಡಪಸರದಲ್ಲಿ ಸೋಲಾಪುರ ರಸ್ತೆಯ ಮೇಲೆ ಆಕಾಶವಾಣಿ ಅಂತ ಬಸ್ ಸ್ಟಾಪು ಇರುವುದು ನಿಮಗೆಲ್ಲ ಗೊತ್ತು. ಪುಣೆ ಬಾನುಲಿಯ ಪ್ರಸಾರ ಯಂತ್ರ ಅಲ್ಲಿರುವುದರಿಂದ ಆ ಹೆಸರು. ದಿನಾ ಕಂಡಕ್ಟರು ಕೂಗುವ ಆ ಹೆಸರು ಬಾನುಲಿ ಕೇಂದ್ರವೊಂದಕ್ಕೆ ಬಂದದ್ದು ಮೈಸೂರಿನಲ್ಲಿ, 1935ರ ಸೆಪ್ಟೆಂಬರ್ 10ರಂದು, ಈ ಮನಶ್ಶಾಸ್ತ್ರದ ಪ್ರಾಧ್ಯಾಪಕರ ವಿಠ್ಠಲ ವಿಹಾರ ಎಂಬ ಮನೆಯಲ್ಲಿ. ಮೊದಲಿಗೆ 30 ವಾಟಿನ ಪುಟ್ಟ ಯಂತ್ರ, ಆಮೇಲೆ 250 ವಾಟಿನದು. ನಮ್ಮ ಖೋಲಿಯ ಟ್ಯೂಬ್‌ಲೈಟಿಗೆ 40 ವಾಟ್ ಬೇಕು ಅಂದರೆ ಆ ಮೊದಲ ಯಂತ್ರದ ಬಲ ಎಷ್ಟು ಅಂತ ನೀವೇ ತಿಳಿದುಕೊಳ್ಳಿ. ಮೊದಲ ಪ್ರಸಾರದಲ್ಲಿ ಕುವೆಂಪು ಅವರ ಕವಿತಾವಾಚನ ಇತ್ತೆಂದು ಹೇಳುತ್ತಾರೆ. ಜೊತೆಗೆ ನಿಂತವರು ಹಾಸ್ಯ ಲೇಖಕ ನಾ. ಕಸ್ತೂರಿಯವರು. ಆಕಾಶವಾಣಿ ಎಂಬ ಹೆಸರು ಹೊಳೆದದ್ದು ಕಸ್ತೂರಿಯವರಿಗೆ ಎಂದು ಕೆಲವರು, ಗೋಪಾಲಸ್ವಾಮಿಯವರಿಗೇ ಎಂದು ಕೆಲವರು. ಇಬ್ಬರೂ ಒಂದೇ ಊರಿನಲ್ಲಿ, ಒಂದೇ ಕೆಲಸದಲ್ಲಿ ಇದ್ದವರು, ಆ ಜಗಳ ನಮಗ್ಯಾಕೆ?

ಖರ್ಚನ್ನು ಅವರು ಕೈಯಿಂದಲೇ ಹಾಕಿದರು, ಮುಂದೆ ಮೈಸೂರು ನಗರಸಭೆಯ ನೆರವು ಬಂತು. 1942ರಲ್ಲಿ ಕೇಂದ್ರವು ಸಂಸ್ಥಾನದ ಸರ್ಕಾರಕ್ಕೆ, 1950ರಲ್ಲಿ ಕೇಂದ್ರ ಸರ್ಕಾರದ ಆಲ್ ಇಂಡಿಯಾ ರೇಡಿಯೊಗೆ ಸೇರಿ, 1955ರಲ್ಲಿ ಬೆಂಗಳೂರಿಗೆ ಹೋಯಿತು. ಹೆಸರು ಮಾತ್ರ ಇಡೀ ದೇಶಕ್ಕೆ ಹಬ್ಬಿತು. 1957ರಿಂದ ದೇಶದ ಬಾನುಲಿಗೆ ಅದೇ ಅಧಿಕೃತ ಹೆಸರಾಯಿತು, 2023ರಲ್ಲಂತೂ ಆಲ್ ಇಂಡಿಯಾ ರೇಡಿಯೊ ಎಂಬ ಇಂಗ್ಲಿಷ್ ಹೆಸರನ್ನೇ ಬಿಟ್ಟು ಎಲ್ಲ ಕಡೆ ಆಕಾಶವಾಣಿ ಎನ್ನಬೇಕೆಂದು ಪ್ರಸಾರ ಭಾರತಿ ಆಜ್ಞೆ ಮಾಡಿತು.

ಮನಶ್ಶಾಸ್ತ್ರದವನಿಗೆ ರೇಡಿಯೊ ಹುಚ್ಚು ಯಾಕೆ ಹಿಡಿಯಿತು? ಹವ್ಯಾಸ ಎಂದು ಬಿಡುವವರು ಬಿಡಲಿ. ನನ್ನ ಊಹೆ ಬೇರೆ. ಬುದ್ಧಿ ಹುಟ್ಟಿನಿಂದ ಬಂದಷ್ಟೇ, ಅಳೆದು ಬದಿಗಿಡಬೇಕು ಎಂದು ಪೂರ್ತಿ ನಂಬಿದವನು ಕಾಲೇಜಿನ ಮೆಟ್ಟಿಲು ಹತ್ತದ ಜನರ ಕಿವಿಗೆ ಪದ್ಯ, ಸಂಗೀತ, ಭಾಷಣ ಮುಟ್ಟಿಸಲು ಸ್ವಂತ ದುಡ್ಡು ಸುರಿಯುತ್ತಾನೆಯೇ? ಕೇಳಿದವನು ಕಲಿಯುತ್ತಾನೆ, ಸುತ್ತಲಿನ ಗಾಳಿ ಬದಲಾದರೆ ಮನಸ್ಸು ಬದಲಾಗುತ್ತದೆ ಎಂಬ ಇನ್ನೊಂದು ಗೃಹೀತ ಅವರೊಳಗೆ ಕೆಲಸ ಮಾಡಿರಬೇಕು. ಅಳೆಯುವುದನ್ನು ಅವರು ಬಿಡಲಿಲ್ಲ, ಅಳತೆಯ ಹತ್ತಿರವೇ ನಿಲ್ಲಲಿಲ್ಲ. ಅಲ್ಲದೆ ಕನ್ನಡದಲ್ಲಿ ಮಾತಾಡಿದರೆ ಯಂತ್ರ ಒಡೆಯುವುದಿಲ್ಲ ಎಂಬುದನ್ನೂ ತೋರಿಸಿಕೊಟ್ಟರು. ಬಾಯಿ ಮುಚ್ಚಿ ಕೂಡುವ ನಮ್ಮಂಥವರಿಗೆ ಇದು ಸಣ್ಣ ಉಪಕಾರ ಅಲ್ಲ.

ಅವರ ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಒಂದು ದೊಡ್ಡ ಕೆಲಸ ನಡೆಯಿತು. ಅಲ್ಲಿಯ ಸರ್ಕಾರಿ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಇಂದು ನಿಮ್ಹಾನ್ಸ್ ಎಂದು ಎಲ್ಲರ ಬಾಯಲ್ಲಿ ಇರುವುದು ಅದೇ. ಅದರ ಮೊದಲ ನಿರ್ದೇಶಕರು ಡಾ. ಎಂ. ವಿ. ಗೋವಿಂದಸ್ವಾಮಿ. ಗೋವಿಂದಸ್ವಾಮಿ ವೈದ್ಯರು, ಗೋಪಾಲಸ್ವಾಮಿ ಮನಶ್ಶಾಸ್ತ್ರದವರು, ಇಬ್ಬರಿಗೂ ಎಂ. ವಿ.ಯೇ ಹಿಂದೆ. ನಾನು ಓದುವಾಗ ಎರಡು ದಿನ ಇಬ್ಬರನ್ನೂ ಒಬ್ಬರೇ ಅಂದುಕೊಂಡು ಇವರು ಇಷ್ಟು ಕೆಲಸ ಯಾವಾಗ ಮಾಡಿದರಪ್ಪಾ ಅಂತ ಬೆರಗಾಗಿದ್ದೆ. ಆ ಸಂಸ್ಥೆ ರೂಪುಗೊಳ್ಳುವುದರಲ್ಲಿ ಗೋಪಾಲಸ್ವಾಮಿಯವರ ಕೈಯೂ ಇತ್ತು.

ಇಲ್ಲಿ ಇನ್ನೊಂದು ಗೃಹೀತ ಎದುರಾಗುತ್ತದೆ. ವೈದ್ಯರು ಮನಸ್ಸನ್ನು ಮೆದುಳಿನ, ನರಗಳ ಕೆಲಸ ಎಂದು ಹಿಡಿಯುತ್ತಾರೆ. ರೋಗ ಇದ್ದರೆ ಮದ್ದು ಇದೆ. ಈ ಗೃಹೀತದಿಂದ ಜಗತ್ತಿಗೆ ಆದ ಒಂದು ದೊಡ್ಡ ಲಾಭ ಮರೆಯಬಾರದು. ದೆವ್ವ ಬಡಿದಿದೆ ಎಂದು ಸರಪಳಿ ಹಾಕಿ ಗುಡಿಯ ಕಂಬಕ್ಕೆ ಕಟ್ಟುತ್ತಿದ್ದವನನ್ನು ರೋಗಿ ಎಂದು ಕರೆದದ್ದೇ ಅದು. ಆದರೆ ಎಲ್ಲ ದುಃಖಕ್ಕೂ ಗುಳಿಗೆ ಇರುವುದಿಲ್ಲ, ನಮ್ಮ ಹುಡುಗನ ಮೌನಕ್ಕೆ ಯಾವ ಗುಳಿಗೆ ಕೊಡುತ್ತೀರಿ? ಹಾಗಾಗಿ ಆ ಸಂಸ್ಥೆಯಲ್ಲಿ 1955ರಲ್ಲಿ ವೈದ್ಯರಿಗೆ ಮನೋವೈದ್ಯಕೀಯ ಡಿಪ್ಲೊಮಾ ಶುರು ಮಾಡಿದಾಗ, ಮನಶ್ಶಾಸ್ತ್ರ ಓದಿದವರಿಗೂ ಬೇರೆಯೇ ಒಂದು ಡಿಪ್ಲೊಮಾ ಇಟ್ಟರು. ರೋಗಿಯ ಹತ್ತಿರ ಗುಳಿಗೆ ಕೊಡುವವನೂ, ಕೂತು ಮಾತಾಡಿಸಿ ಪರೀಕ್ಷೆ ಮಾಡುವವನೂ ಇಬ್ಬರೂ ಬೇಕು ಎಂದಾಯಿತು. ಭಾರತೀಯ ತತ್ತ್ವ, ಶಿಲ್ಪ, ಬೌದ್ಧ ಗ್ರಂಥಗಳೆಲ್ಲವನ್ನೂ ಅರೆದು ಕುಡಿದಿದ್ದ ಎಸ್. ಕೆ. ರಾಮಚಂದ್ರರಾಯರು ಮುಂದೆ ಅಲ್ಲಿಯೇ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಗಡಿಯಾರ, ಉಪಕರಣ ಎಂದು ಹೊರಗೆ ಹೋದ ಶಾಸ್ತ್ರದ ಮನೆಯೊಳಗೆ ಹಳೆಯ ಗ್ರಂಥಗಳು ಹಿಂಬಾಗಿಲಿನಿಂದ ಮತ್ತೆ ಬಂದು ಕುಳಿತವು ಅಂತಾಯ್ತು.

ಗೋಪಾಲಸ್ವಾಮಿಯವರು 1957ರಲ್ಲಿ ತೀರಿಕೊಂಡರು. ಜಗಳದ ಮನೆಗೆ ಆ ಹೊತ್ತಿಗೆ ಹೊಸ ನೆಂಟರು ಬಂದಿದ್ದರು. ಮನುಷ್ಯ ಬೆಳೆಯಲು ಬಯಸುವ ಪ್ರಾಣಿ, ಆಯ್ಕೆ ಅವನದೇ ಎಂಬ ಮ್ಯಾಸ್ಲೊ, ರೋಜರ್ಸ್ ಮೊದಲಾದವರ ಮಾನವತಾವಾದ. ಮ್ಯಾಸ್ಲೊ 1943ರಲ್ಲಿ ಹೇಳಿದ ಅಗತ್ಯಗಳ ಏಣಿ ನಮ್ಮ ಮ್ಯಾನೇಜ್‌ಮೆಂಟ್ ಪುಸ್ತಕದಲ್ಲಿ ತ್ರಿಕೋನದ ಚಿತ್ರವಾಗಿ ಬರುವುದು ನಿಮಗೆ ನೆನಪಿರಬೇಕು, ಆ ತ್ರಿಕೋನ ಅವನು ಬರೆದದ್ದಲ್ಲ, ಆಮೇಲಿನವರು ಬರೆದದ್ದು. ಇನ್ನೊಂದು ಕಡೆ, ಮನಸ್ಸು ಮಾಹಿತಿಯನ್ನು ತೆಗೆದುಕೊಂಡು, ಸಂಸ್ಕರಿಸಿ, ಜೋಪಾನವಾಗಿಡುವ ಯಂತ್ರದಂತೆ ಎಂಬ ಜ್ಞಾನಾತ್ಮಕ ಪಂಥ. ಕಂಪ್ಯೂಟರಿನ ಜೊತೆಗೇ ಹುಟ್ಟಿ ಬೆಳೆದದ್ದು. ಇವರು ನಮ್ಮ ಹುಡುಗನನ್ನು ನೋಡಿ, ಅವನು ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷಿಗೆ ತಿರುಗಿಸಿ, ಮರಾಠಿಯವರು ನಗುತ್ತಾರೋ ಎಂದು ಮತ್ತೊಮ್ಮೆ ತೂಗಿ ನೋಡುವುದರೊಳಗೆ ಪ್ರಶ್ನೆ ಮುಂದಿನ ಬೆಂಚಿಗೆ ಹೋಗಿರುತ್ತದೆ ಎಂದಾರು. ನನಗೆ ಮಟ್ಟಿಗೆ ಇದು ಎಲ್ಲಕ್ಕಿಂತ ಹೆಚ್ಚು ಸರಿ ಅನಿಸಿತು. ಆದರೂ ನಗು ಯಾಕೆ ಅಷ್ಟು ನೋಯಿಸುತ್ತದೆ ಅಂತ ಕೇಳಿದರೆ ತಿರುಗಿ ರೋಜರ್ಸನ ಹತ್ತಿರ, ಇಲ್ಲವೇ ಫ್ರಾಯ್ಡನ ಹತ್ತಿರ ಹೋಗಬೇಕಾಗುತ್ತದೆ.

ಗೋಪಾಲಸ್ವಾಮಿಯವರು ಹೋದ ಮೂರು ವರ್ಷಕ್ಕೆ, 1960ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ವಿಭಾಗಗಳಿಗಾಗಿ ಹೊಸ ಆವರಣ ಎದ್ದಿತು. ಮನಶ್ಶಾಸ್ತ್ರ ವಿಭಾಗ ಈಗ ಇರುವುದು ಅಲ್ಲಿಯೇ. 1935ರಲ್ಲಿ ಆ ಪುಟ್ಟ ಯಂತ್ರದ ಮುಂದೆ ಕವಿತೆ ಓದಿದರೆನ್ನುವ ಕುವೆಂಪು ಅವರೇ ಆಗ ಉಪಕುಲಪತಿಗಳು. ಆವರಣಕ್ಕೆ ಅವರು ಇಟ್ಟ ಹೆಸರು ಮಾನಸಗಂಗೋತ್ರಿ.